ನಮ್ಮೂರು ಖಾಲಿ, ದಾಸರಹಳ್ಳಿ ಭರ್ತಿ

ಮೊದಲು ಎರಡು ಅಂಕಿ ಹೇಳ್ತೀನಿ. 2001ರಿಂದ 2011ರವರೆಗಿನ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇ. 47.18ರಷ್ಟು ಬೆಳೆಯಿತು. ಅದೇ ಹತ್ತು ವರ್ಷದಲ್ಲಿ ನಮ್ಮ ತುಮಕೂರು ಜಿಲ್ಲೆ ಬೆಳೆದದ್ದು ಶೇ. 3.65. ಇಡೀ ಕರ್ನಾಟಕದ ಸರಾಸರಿ ಶೇ. 15.60. ಈ ಎರಡು ಜಿಲ್ಲೆಗಳ ನಡುವೆ ಸಮುದ್ರ ಇಲ್ಲ, ಬೆಟ್ಟ ಸಾಲು ಇಲ್ಲ. ನೆಲಮಂಗಲ ದಾಟಿ ಡಾಬಸ್‌ಪೇಟೆ ಮುಟ್ಟಿದರೆ ತುಮಕೂರು ಜಿಲ್ಲೆ ಕೈಗೆ ಸಿಕ್ಕ ಹಾಗೇ. ಹಾಗಿದ್ದೂ ಇಷ್ಟು ವ್ಯತ್ಯಾಸ ಯಾಕೆ?

ಶೇಕಡಾ ಲೆಕ್ಕ ಬಿಟ್ಟು ತಲೆ ಲೆಕ್ಕ ನೋಡೋಣ. ಬೆಂಗಳೂರು ನಗರ ಜಿಲ್ಲೆ 65,37,124ರಿಂದ 96,21,551ಕ್ಕೆ ಹೋಯಿತು. ಅಂದರೆ ಹೊಸದಾಗಿ ಸೇರಿದವರು 30.84 ಲಕ್ಷ, ದಿನಕ್ಕೆ ಸರಾಸರಿ ಎಂಟುನೂರಕ್ಕೂ ಹೆಚ್ಚು ಜನ. 2011ರಲ್ಲಿ ಇಡೀ ತುಮಕೂರು ಜಿಲ್ಲೆಯ ಜನಸಂಖ್ಯೆ ಎಷ್ಟು ಗೊತ್ತಾ? 26,78,980. ಪಾವಗಡದಿಂದ ಕುಣಿಗಲ್‌ವರೆಗಿನ ಹತ್ತು ತಾಲ್ಲೂಕುಗಳ ಅಷ್ಟೂ ಜನಕ್ಕಿಂತ ಹೆಚ್ಚು ಮಂದಿಗೆ ಬೆಂಗಳೂರು ಹತ್ತೇ ವರ್ಷದಲ್ಲಿ ಮನೆ ಹುಡುಕಬೇಕಾಯಿತು. ಆ ಅವಧಿಯಲ್ಲಿ ತುಮಕೂರು ಜಿಲ್ಲೆಗೆ ಸೇರಿದ್ದು ತೊಂಬತ್ತನಾಲ್ಕು ಸಾವಿರ ಚಿಲ್ಲರೆ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ತುಮಕೂರು ನಗರ ಒಂದರದ್ದೇ. ಅದು ಸುಮಾರು ಎರಡೂವರೆ ಲಕ್ಷದಿಂದ ಮೂರು ಲಕ್ಷ ದಾಟಿತು. ಹಾಗಾದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಗೆ ಉಳಿದದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.

ನಾನು ಇತಿಹಾಸ ಓದಿದವನಲ್ಲ, ಇಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಕಂಪನಿ ಸೇರಿದವನು. ಆದರೆ ನಮ್ಮ ಪುರವರ ಹೋಬಳಿಯ ಎಷ್ಟೊಂದು ಮನೆಗಳಿಗೆ ಬೀಗ ಯಾಕೆ ಬಿತ್ತು, ದಾಸರಹಳ್ಳಿ ಕಡೆ ಒಂದೊಂದು ಮಹಡಿಯಲ್ಲಿ ಮೂರು ಮೂರು ಸಂಸಾರ ಯಾಕೆ ಇವೆ ಅಂತ ಹುಡುಕುತ್ತಾ ಹೋದರೆ ಎರಡೂ ಒಂದೇ ಕತೆ ಅನ್ನಿಸಿತು.

ಕತೆ ನೂರೈವತ್ತು ವರ್ಷ ಹಿಂದಿನಿಂದ ಶುರು ಮಾಡಬೇಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷದ ಮೇಲಿತ್ತು. 1881ರಲ್ಲಿ ಎಣಿಸಿದಾಗ 42 ಲಕ್ಷಕ್ಕಿಂತ ಕಡಿಮೆ. ನಡುವೆ ಬಂದದ್ದು 1876-78ರ ಮಹಾಕ್ಷಾಮ, ಹಳಬರ ಬಾಯಲ್ಲಿ ಧಾತು-ಈಶ್ವರ ಸಂವತ್ಸರದ ಬರ. ಮಲೆನಾಡಿಗಿಂತ ನಮ್ಮಂಥ ಮೈದಾನದ ಸೀಮೆಗೇ ಪೆಟ್ಟು ಜಾಸ್ತಿ. ಬರದಲ್ಲಿ ಧಾನ್ಯ ಸಾಗಿಸಲು ದಾರಿಯೇ ಇರಲಿಲ್ಲ ಎಂಬ ಪಾಠ ಕಲಿತ ಮೇಲೆ ಸಂಸ್ಥಾನ ರೈಲು ಹಾಕಲು ಹೊರಟಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಅಲ್ಲಿಂದ ಗುಬ್ಬಿ, ತಿಪಟೂರು ಹಿಡಿದು ಹರಿಹರದ ಕಡೆ ಹೋಯಿತು. ಮಧುಗಿರಿ, ಕೊರಟಗೆರೆ, ಪಾವಗಡ ಆ ದಾರಿಯಲ್ಲಿ ಇರಲಿಲ್ಲ. ತುಮಕೂರು-ರಾಯದುರ್ಗ ಮಾರ್ಗ ನಮ್ಮ ಕಡೆಗೆ ಮಂಜೂರಾದದ್ದು 2007-08ರಲ್ಲಿ. ಲೆಕ್ಕ ನೋಡಿ, ನೂರಿಪ್ಪತ್ತಕ್ಕೂ ಹೆಚ್ಚು ವರ್ಷದ ಅಂತರ!

ರೈಲು ಇಲ್ಲದಿದ್ದರೂ ನೀರಿತ್ತಲ್ಲ, ಅಂದಿರಾ? ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕು ಹಾದು ಉತ್ತರ ಪಿನಾಕಿನಿ ಸೇರುತ್ತದೆ. ಮಳೆ ಇಲ್ಲದ ತಿಂಗಳಲ್ಲಿ ಹೊಳೆಯ ಮರಳಲ್ಲಿ, ಕೆರೆಯ ಅಂಗಳದಲ್ಲಿ ತಲಪರಿಗೆ ತೋಡುತ್ತಿದ್ದರು. ಮರಳಡಿಯ ಒರತೆ ನೀರನ್ನು ಕಾಲುವೆ ಮಾಡಿ ಗದ್ದೆಗೆ ಹಾಯಿಸುವ ಏರ್ಪಾಟು ಅದು. ಊರವರೇ ಸೇರಿ ಹೂಳೆತ್ತಬೇಕು, ಸರದಿಯ ಮೇಲೆ ನೀರು ಬಿಟ್ಟುಕೊಳ್ಳಬೇಕು. ಬೋರ್‌ವೆಲ್ ಬಂದ ಮೇಲೆ ಸರದಿಯ ಗೊಡವೆ ಯಾರಿಗೂ ಬೇಡವಾಯಿತು. ಒಬ್ಬೊಬ್ಬನೂ ತನ್ನ ಹೊಲದಲ್ಲಿ ಕೊರೆಸಿದ. ಅಂತರ್ಜಲ ಕೆಳಗಿಳಿಯಿತು, ಮರಳೂ ಲಾರಿ ಹತ್ತಿ ಹೋಯಿತು, ತಲಪರಿಗೆ ಬತ್ತಿತು. ಉಳಿದದ್ದು ಮಳೆ ನಂಬಿದ ಕಡಲೇಕಾಯಿ. ಮಳೆ ಕೈಕೊಟ್ಟ ವರ್ಷ ಮನೆಯ ಒಬ್ಬ ಗಂಡಸು ಬಸ್ಸು ಹತ್ತಬೇಕು.

ಆ ಬಸ್ಸು ಎಲ್ಲಿಗೆ ಹೋಗುತ್ತಿತ್ತು? ಇಲ್ಲಿಂದ ಬೆಂಗಳೂರಿನ ಕತೆ.

ಬೆಂಗಳೂರಿಗೆ ಮನೆಯ ತಾಪತ್ರಯ ಹೊಸದಲ್ಲ. 1892ರಲ್ಲಿ ಚಾಮರಾಜಪೇಟೆ ಕಟ್ಟಿದರು. 1898ರಲ್ಲಿ ಪ್ಲೇಗ್ ಬಂದಾಗ ಹಳೇ ಪೇಟೆಯ ಒತ್ತೊತ್ತಾದ ಮನೆಗಳಿಂದ ಜನರನ್ನು ಹೊರಗೆ ತರಬೇಕಾಗಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಆಮೇಲೆ ಯುದ್ಧ ಮತ್ತು ಕಾರ್ಖಾನೆಗಳ ಕಾಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. 1941ರಲ್ಲಿ ನಾಲ್ಕು ಲಕ್ಷ ಚಿಲ್ಲರೆ ಇದ್ದ ಊರು 1951ಕ್ಕೆ ಎಂಟು ಲಕ್ಷದ ಹತ್ತಿರ ಬಂತು. 1945ರಲ್ಲಿ ಹುಟ್ಟಿದ ಸಿಐಟಿಬಿ ಜಯನಗರ, ರಾಜಾಜಿನಗರದಂಥ ಬಡಾವಣೆಗಳನ್ನು ಮಾಡಿತು. 1976ರ ಕಾಯ್ದೆಯಿಂದ ಅದರ ಜಾಗಕ್ಕೆ ಬಿಡಿಎ ಬಂತು. ಆ ದಶಕವೇ ಬೆಂಗಳೂರಿನ ದೊಡ್ಡ ಜಿಗಿತದ್ದು. 1971ರಲ್ಲಿ ಹದಿನಾರೂವರೆ ಲಕ್ಷದ ಆಸುಪಾಸು, 1981ರಲ್ಲಿ 29 ಲಕ್ಷದ ಮೇಲೆ. ಸಾಫ್ಟ್‌ವೇರ್‌ನವರು ಬಂದು ಊರು ಕೆಡಿಸಿದರು ಅಂತ ನಮ್ಮನ್ನು ಬೈಯುವವರು ಈ ಇಸವಿಗಳನ್ನು ಒಮ್ಮೆ ನೋಡಬೇಕು :-) ನಾವು ಬರುವ ಮೊದಲೇ ಊರು ಉಸಿರುಗಟ್ಟಿತ್ತು.

ಇದೇ 1970ರ ದಶಕದಲ್ಲಿ ತುಮಕೂರು ರಸ್ತೆಯ ಬದಿಯಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಎದ್ದಿತು. ಮಧುಗಿರಿ, ಕೊರಟಗೆರೆ ಕಡೆಯ ಬಸ್ಸು ಡಾಬಸ್‌ಪೇಟೆಯಲ್ಲಿ ಹೆದ್ದಾರಿ ಸೇರಿ ಬೆಂಗಳೂರಿಗೆ ಬರುವಾಗ ಮೆಜೆಸ್ಟಿಕ್‌ಗಿಂತ ಮೊದಲು ಪೀಣ್ಯವನ್ನೇ ಹಾಯಬೇಕು. ನಮ್ಮ ಜನ ಅಲ್ಲೇ ಇಳಿದರು. ಒಬ್ಬನಿಗೆ ಲೇತ್ ಮೆಷಿನ್ನಿನ ಕೆಲಸ ಸಿಕ್ಕಿತು, ಅವನು ಭಾವಮೈದುನನನ್ನು ಕರೆತಂದ, ಆಮೇಲೆ ಗಾರ್ಮೆಂಟ್ಸ್ ಬಂದಾಗ ಹೆಣ್ಣುಮಕ್ಕಳೂ ದುಡಿಯತೊಡಗಿದರು. ಇವರಿಗೆ ಬಿಡಿಎ ಸೈಟು ಎಟುಕುವ ಮಾತೇ? ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಲು ಕೈಯಲ್ಲಿ ಇಡುಗಂಟು ಇರಬೇಕು. ಕಾಯಲಾಗದವರಿಗೆ ದಾಸರಹಳ್ಳಿ, ಬಾಗಲಗುಂಟೆ, ಲಗ್ಗೆರೆ ಕಡೆಯ ರೈತರ ಹೊಲಗಳಿದ್ದವು. ಭೂ ಪರಿವರ್ತನೆ ಇಲ್ಲ, ನಕ್ಷೆ ಮಂಜೂರಾತಿ ಇಲ್ಲ. ಹೊಲಕ್ಕೆ ಸುಣ್ಣದ ಗೆರೆ ಎಳೆದು ಇಪ್ಪತ್ತು-ಮೂವತ್ತರ ಸೈಟು ಮಾಡಿದರು. ಅದೇ ರೆವಿನ್ಯೂ ಸೈಟು. ಕೊಂಡವನು ಸಾಲ ತೀರಿಸಲು ಮೇಲೆ ಒಂದು ಮಹಡಿ ಎತ್ತಿ ಬಾಡಿಗೆಗೆ ಕೊಟ್ಟ, ಆಮೇಲೆ ಇನ್ನೊಂದು. ಹತ್ತು ತಿಂಗಳ ಅಡ್ವಾನ್ಸು ಕೊಟ್ಟು ಅಲ್ಲಿಗೆ ಬಂದವನೂ ನಮ್ಮ ಕಡೆಯವನೇ. ರಸ್ತೆ, ಚರಂಡಿ, ಕಾವೇರಿ ನೀರು ಎಲ್ಲ ಆಮೇಲಿನ ಮಾತು. 2007ರಲ್ಲಿ ದಾಸರಹಳ್ಳಿ ಸೇರಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಕೂಡಿಸಿ ಬಿಬಿಎಂಪಿ ಮಾಡಿದಾಗ ಇಂಥ ಲಕ್ಷಾಂತರ ಮನೆಗಳು ಒಂದೇ ಏಟಿಗೆ ನಗರದೊಳಗೆ ಬಂದವು, ಬಿ ಖಾತಾ ಅನ್ನುವ ಬಾಲದ ಸಮೇತ. ಅಕ್ರಮ ಅಂತ ಬೈಯುವುದು ಸುಲಭ. ಆದರೆ ಬೆಂಗಳೂರಿನ ಬಡವರಿಗೆ ಮನೆ ಕೊಟ್ಟದ್ದು ಬಹುಪಾಲು ಈ ಅಕ್ರಮವೇ, ಯೋಜನೆ ಅಲ್ಲ.

ತುಮಕೂರಿನ ಶೇ. 3.65ಕ್ಕೆ ವಲಸೆ ಒಂದೇ ಕಾರಣ ಅಂತ ನಾನು ವಾದಿಸುವುದಿಲ್ಲ. ನಮ್ಮ ಕಡೆ ಹೆರಿಗೆಗಳೂ ಕಡಿಮೆಯಾಗಿವೆ, ಎರಡು ಮಕ್ಕಳಾದ ಮೇಲೆ ಸಾಕು ಅನ್ನುವವರೇ ಹೆಚ್ಚು. ಆದರೆ ರಾಜ್ಯದ ಬೇರೆ ಕಡೆಯೂ ಹಾಗೇ ತಾನೆ? ಬೆಂಗಳೂರಿನ ಸುತ್ತಲ ಜಿಲ್ಲೆಗಳನ್ನೇ ನೋಡಿ. ಅದೇ ಅವಧಿಯಲ್ಲಿ ರಾಮನಗರ ಬೆಳೆದದ್ದು ಶೇ. 5.05, ಚಿಕ್ಕಬಳ್ಳಾಪುರ ಸುಮಾರು 9. ಸರಾಸರಿ ದಾಟಿದ್ದು ಬೆಂಗಳೂರು ಗ್ರಾಮಾಂತರ ಮಾತ್ರ, ಅದೂ 16.45. ದೊಡ್ಡ ಆಲದ ಮರದ ನೆರಳಲ್ಲಿ ಬೇರೆ ಗಿಡ ಏಳಲಿಲ್ಲ.

ಇದರಿಂದ ಕಳೆದುಕೊಂಡದ್ದು ಏನು ಅಂತ ಕೇಳಿದರೆ ನನ್ನ ಉತ್ತರ ಒಂದು ಇಸವಿ: 2008. ಆ ವರ್ಷ ಕ್ಷೇತ್ರ ಮರುವಿಂಗಡಣೆ ಜಾರಿಗೆ ಬಂತು. ಲೆಕ್ಕಕ್ಕೆ ಹಿಡಿದದ್ದು 2001ರ ಜನಗಣತಿ. ಬೆಂಗಳೂರಿನ ವಿಧಾನಸಭಾ ಕ್ಷೇತ್ರಗಳು 16ರಿಂದ 28 ಆದವು. ತುಮಕೂರು ಜಿಲ್ಲೆಯವು 13ರಿಂದ 11ಕ್ಕೆ ಇಳಿದವು. ಕಳ್ಳಂಬೆಳ್ಳ, ಬೆಳ್ಳಾವಿ, ಹುಲಿಯೂರುದುರ್ಗ ಅನ್ನುವ ಕ್ಷೇತ್ರಗಳೇ ನಕ್ಷೆಯಿಂದ ಹೋದವು. ನಮ್ಮ ಪುರವರ ಹೋಬಳಿ ಕಂದಾಯಕ್ಕೆ ಮಧುಗಿರಿ ತಾಲ್ಲೂಕು, ಶಾಸಕರಿಗೆ ಕೊರಟಗೆರೆ ಕ್ಷೇತ್ರ. ತಲೆ ಎಣಿಕೆಯ ಲೆಕ್ಕದಲ್ಲಿ ಇದು ನ್ಯಾಯವೇ. ಆದರೆ ನೀರಿಲ್ಲದೆ ಊರು ಬಿಟ್ಟರು, ಬಿಟ್ಟದ್ದಕ್ಕೆ ನೀರು ಕೇಳುವ ದನಿಯೂ ಕಮ್ಮಿಯಾಯಿತು. ಇದು ಕೊನೆಯಿಲ್ಲದ ಲೂಪ್, ಹೊರಬರುವ ಷರತ್ತೇ ಬರೆದಿಲ್ಲ.

ಇನ್ನೂ ಸೋಜಿಗ ಏನೆಂದರೆ ಊರು ಬಿಟ್ಟವರು ಪೂರ್ತಿ ಬಿಟ್ಟೂ ಇಲ್ಲ. ಎಷ್ಟೋ ಮಂದಿಯ ವೋಟು ಊರಲ್ಲಿ, ರೇಷನ್ ಕಾರ್ಡು ಊರಲ್ಲಿ, ಜಾತ್ರೆಗೆ, ಚುನಾವಣೆಗೆ ಬಸ್ಸು ತುಂಬಾ ಹೋಗುತ್ತಾರೆ. ಜನಗಣತಿ ಮಾತ್ರ ಮಲಗುವ ಜಾಗ ಕೇಳುತ್ತದೆ. 2021ರ ಜನಗಣತಿ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಅಂತ ದಿನ ಗೊತ್ತಾಗಿದೆ. ಈ ನಡುವೆ ವಸಂತನರಸಾಪುರದಲ್ಲಿ ಕಾರ್ಖಾನೆಗಳು ಬಂದಿವೆ, ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಘಟಕ 2023ರಲ್ಲಿ ಉದ್ಘಾಟನೆಯಾಗಿದೆ, ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ. ಸೋಲಾರ್ ಹಲಗೆ ಜೋಡಿಸುವಾಗ ಕೈಗಳು ಬೇಕು, ಜೋಡಿಸಿದ ಮೇಲೆ ಅಷ್ಟು ಬೇಡ. ಪೀಣ್ಯ ಒಂದು ಕಾಲದಲ್ಲಿ ಹಿಡಿಸಿಕೊಂಡಷ್ಟು ಜನರನ್ನು ಇವು ಹಿಡಿದಾವೇ? ಆ ಅಂಕಿ ಬರಲಿ, ನೋಡೋಣ.

ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು. ನಿಮ್ಮ ಊರಿನ ನಿಮ್ಮ ಬೀದಿಯಲ್ಲಿ ಎಷ್ಟು ಮನೆ, ಎಷ್ಟಕ್ಕೆ ಬೀಗ, ಆ ಬೀಗದ ಕೈ ಈಗ ಯಾವ ಬಡಾವಣೆಯಲ್ಲಿದೆ, ಬರೆದಿಡಿ. ಸರ್ಕಾರದ ಯಾವ ಕೋಷ್ಟಕದಲ್ಲೂ ಈ ಮೂರನೇ ಕಾಲಂ ಇಲ್ಲ.