ಕೆರೆಯ ಕೋಡಿಯಿಂದ ಸಂಜೆ ಕಾಲೇಜಿನವರೆಗೆ

ಶಿಕಾರಿಪುರ, ಸೊರಬ ತಾಲೂಕುಗಳಲ್ಲಿ ಬೆಳಿಗ್ಗೆ ರಸ್ತೆಗಿಳಿದರೆ ಕಟ್ಟಡ ಕೆಲಸಕ್ಕೆ ಹೊರಟವರು ಗುಂಪುಗುಂಪಾಗಿ ಎದುರಾಗುತ್ತಾರೆ. ಮೇಸ್ತ್ರಿಗಳು, ಗಾರೆಯವರು, ಕಂಬಿ ಕಟ್ಟುವವರು. ಅವರ ನಡುವೆ ಒಬ್ಬ ಎಳೆಯ ಸೂಪರ್‌ವೈಸರ್ ಇರುತ್ತಾನೆ. ಸಿವಿಲ್ ಡಿಪ್ಲೊಮಾ ಮುಗಿದಿದೆ, ಇಂಜಿನಿಯರಿಂಗ್ ಪದವಿಯ ಆಸೆಯಿದೆ, ಆದರೆ ಮನೆ ನಡೆಯಬೇಕಾದರೆ ಅವನ ದುಡಿಮೆ ಬೇಕು. ಹಗಲು ಸೈಟಿನಲ್ಲಿ ಕಾಂಕ್ರೀಟಿನ ಕ್ಯೂಬ್ ತುಂಬಿಸಿ, ರಾತ್ರಿ ಪುಸ್ತಕದಲ್ಲಿ ಅದೇ ಕ್ಯೂಬಿನ 28 ದಿನಗಳ ಬಲದ ಲೆಕ್ಕ ಓದುತ್ತಾನೆ. ಕಣ್ಣು ಮುಚ್ಚಿಹೋಗುತ್ತದೆ. ತಾರಸಿ ಹಾಕುವ ದಿನ ಸೈಟ್ ಬಿಡುವಂತಿಲ್ಲ. ಪರೀಕ್ಷೆಯೂ ಅಂದೇ ಬಂದರೆ ಅವನು ಏನು ಮಾಡಬೇಕು?

ಇಂಥವರನ್ನು ಕಂಡಾಗ ನಾವು "ಪಾಪ, ಕಷ್ಟಪಡುತ್ತಾನೆ" ಎಂದು ಮೆಚ್ಚಿ ಸುಮ್ಮನಾಗುತ್ತೇವೆ. ಆದರೆ ಕೆಲಸ ಮತ್ತು ಕಲಿಕೆ ಎರಡು ಬೇರೆ ಬೇರೆ ಬಾಗಿಲುಗಳಾದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಇದೇ ನೆಲದ ಕಲ್ಲುಗಳು ಅದರ ಕಥೆಯನ್ನು ಹೇಳುತ್ತವೆ.

ಒಂದು ಕೆರೆ, ಒಬ್ಬ ಕವಿ

ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭ ಶಾಸನವನ್ನು ಕದಂಬ ಮಯೂರಶರ್ಮನ ಕಥೆಗಾಗಿ ನಾವೆಲ್ಲ ಬಲ್ಲೆವು. ಓದಲೆಂದು ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಯುವಕ ಪಲ್ಲವರ ಕುದುರೆಯಾಳಿನಿಂದ ಅವಮಾನಿತನಾಗಿ ಕತ್ತಿ ಹಿಡಿದ ಕಥೆ ಅದು. ಆದರೆ ಆ ಶಾಸನ ಹುಟ್ಟಿದ್ದು ಒಂದು ಕೆರೆಯ ನೆಪದಲ್ಲಿ ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಕಾಕುಸ್ಥವರ್ಮ ಅಲ್ಲಿಯ ಶಿವಾಲಯದ ಬಳಿ ಕೆರೆ ಕಟ್ಟಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಅಂದರೆ ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ಅದನ್ನು ಸಂಸ್ಕೃತ ಪದ್ಯಗಳಲ್ಲಿ ದಾಖಲಿಸಿದ. ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆ ಎಂದೂ ಅವನು ಹೇಳಿಕೊಂಡಿದ್ದಾನೆ. ಇಲ್ಲಿ ವಿದ್ಯೆಯೂ ಕೈಯೂ ಒಂದೇ ಮನುಷ್ಯನಲ್ಲಿವೆ. ಕಲ್ಲಿನ ಮುಂದೆ ನಿಲ್ಲುವುದು ತನ್ನ ಘನತೆಗೆ ಕಡಿಮೆ ಎಂದು ಆ ವಿದ್ವಾಂಸನಿಗೆ ಅನಿಸಲಿಲ್ಲ.

ತಾಳಗುಂದಕ್ಕೆ ಕೆಲವೇ ಮೈಲಿ ದೂರದಲ್ಲಿ ಬಳ್ಳಿಗಾವೆ ಇದೆ. ಅಲ್ಲಿಯ ಕೇದಾರೇಶ್ವರ ಗುಡಿಗೆ ಸೇರಿದ್ದ ಮಠದ ಹೆಸರು ಕೋಡಿಯ ಮಠ. ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಹೋಗುವ ಜಾಗವನ್ನು ಕೋಡಿ ಎನ್ನುತ್ತಾರೆ. ಗುಡಿಯ ಪಕ್ಕದಲ್ಲಿ ಇಂದಿಗೂ ಕೆರೆಯಿದೆ. ಕ್ರಿ.ಶ. 1162ರ ಒಂದು ಶಾಸನ ಈ ಮಠವನ್ನು ವರ್ಣಿಸುತ್ತದೆ. ಅಲ್ಲಿ ವೇದಗಳ ಅಧ್ಯಯನವಿತ್ತು, ಪಾಣಿನಿ, ಶಾಕಟಾಯನರ ವ್ಯಾಕರಣಗಳಿದ್ದವು, ನ್ಯಾಯ, ಸಾಂಖ್ಯ, ಬೌದ್ಧ ದರ್ಶನಗಳ ಪಾಠವಿತ್ತು, ಕಾವ್ಯ, ನಾಟಕಗಳಿದ್ದವು. ಹಸಿದು ಬಂದವರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿತ್ತು. ಬೇರೆ ಬೇರೆ ಪಂಥದವರಿಗೆ ಆಶ್ರಯ ಕೊಟ್ಟ ಆ ವಿದ್ಯಾಕೇಂದ್ರದ ಬಗ್ಗೆ ಈ ನಾಡು ಹೆಮ್ಮೆಪಡಬೇಕು. ಆದರೆ ಆ ದೀರ್ಘ ಪಟ್ಟಿಯಲ್ಲಿ ಕಲ್ಲು ಕೆತ್ತುವ, ಕೆರೆ ಕಟ್ಟುವ ವಿದ್ಯೆ ಕಾಣಿಸುವುದಿಲ್ಲ. ಹೆಸರಿನಲ್ಲಿ ಕೋಡಿಯಿದೆ, ಪಾಠದಲ್ಲಿ ಇಲ್ಲ.

ಹಾಗೆಂದು ಆ ವಿದ್ಯೆ ಊರಿನಲ್ಲಿ ಇರಲಿಲ್ಲವೇ? ಧಾರಾಳವಾಗಿತ್ತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳ ಮೇಲೆ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಚಾವಣ ಉಳಿ ಹಿಡಿಯಲು ಕಲಿತದ್ದು ತಂದೆಯ ಪಕ್ಕದಲ್ಲಿ ಕುಳಿತು. ಅವನ ತರಗತಿಯೂ ಕೆಲಸದ ಜಾಗವೂ ಒಂದೇ ಆಗಿತ್ತು. ಸೊರಬ, ಸಾಗರಗಳ ಗುಡಿಗಾರರು ಶ್ರೀಗಂಧದ ಕೆತ್ತನೆಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದೂ ಹೀಗೆಯೇ. ಕೆರೆಯ ಏರಿ ಕಟ್ಟಿದ ಮಣ್ಣು ಕೆಲಸದವರು, ತೂಬು ಎತ್ತಿ ಇಳಿಸುತ್ತಿದ್ದ ನೀರಗಂಟಿಗಳು ಯಾವ ಶಾಲೆಗೂ ಹೋದವರಲ್ಲ. ಆದರೂ ಎಷ್ಟು ಮಳೆಗೆ ಎಷ್ಟು ಕೋಡಿ ಬೇಕೆಂದು ಅವರಿಗೆ ಗೊತ್ತಿತ್ತು.

ಈ ಹಳೆಯ ವ್ಯವಸ್ಥೆಯನ್ನು ನಾವು ಸುಮ್ಮನೆ ಹೊಗಳಬೇಕಾಗಿಲ್ಲ. ಹುಟ್ಟಿದ ಮನೆಯೇ ಶಾಲೆಯಾದಾಗ ಬೇರೆ ಮನೆಯ ಮಗುವಿಗೆ ಅಲ್ಲಿ ಜಾಗವಿರುವುದಿಲ್ಲ. ಜಾತಿಯ ಗೋಡೆ ಅಷ್ಟು ಎತ್ತರವಾಗಿತ್ತು. ಇಂಜಿನಿಯರಿಂಗ್ ಕಾಲೇಜು ಬಂದಾಗ ಈ ಗೋಡೆ ಒಡೆಯಬೇಕಿತ್ತು. ಒಂದಿಷ್ಟು ಒಡೆಯಿತು ನಿಜ, ಆದರೆ ಹೊಸದೊಂದು ಗೋಡೆಯನ್ನೂ ಎಬ್ಬಿಸಿತು.

ಹೊಸ ಶಾಲೆ, ಹೊಸ ಮೆಟ್ಟಿಲು

ಬ್ರಿಟಿಷರು ರೂರ್ಕಿಯಲ್ಲಿ 1847ರಲ್ಲಿ, ಪುಣೆಯಲ್ಲಿ 1854ರಲ್ಲಿ ಇಂಜಿನಿಯರಿಂಗ್ ಶಿಕ್ಷಣ ಆರಂಭಿಸಿದರು. ಕಾಲುವೆ, ರಸ್ತೆ, ಸೇತುವೆಗಳಿಗಾಗಿ ಲೋಕೋಪಯೋಗಿ ಇಲಾಖೆಗೆ ಜನ ಬೇಕಾಗಿದ್ದರು. ಅಲ್ಲಿ ಇಂಜಿನಿಯರಿಗೆ ಒಂದು ತರಗತಿ, ಅವನ ಕೈಕೆಳಗಿನ ಓವರ್‌ಸಿಯರ್, ಸಬ್ ಓವರ್‌ಸಿಯರ್‌ಗಳಿಗೆ ಬೇರೆ ತರಗತಿ. ಮೇಸ್ತ್ರಿಗೆ ಯಾವ ತರಗತಿಯೂ ಇಲ್ಲ. ಯಾರು ಲೆಕ್ಕ ಹಾಕಬೇಕು, ಯಾರು ಉಸ್ತುವಾರಿ ನೋಡಬೇಕು, ಯಾರು ಹೊರಬೇಕು ಎಂಬುದು ಶಾಲೆಯ ಬಾಗಿಲಲ್ಲೇ ತೀರ್ಮಾನವಾಗುತ್ತಿತ್ತು. ಇಂದು ಸೈಟಿನಲ್ಲಿ ಕಾಣುವ ಮೆಟ್ಟಿಲುಗಳು ಆಗ ಕಟ್ಟಿದವು.

ಅದೇ ಕಾಲದ ಇಂಗ್ಲೆಂಡಿನಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆಯಿತ್ತು. ಅಲ್ಲಿಯ ಸಿವಿಲ್ ಇಂಜಿನಿಯರುಗಳ ಸಂಸ್ಥೆಯ ಮೊದಲ ಅಧ್ಯಕ್ಷನಾಗಿ 1820ರಲ್ಲಿ ಆಯ್ಕೆಯಾದ ಥಾಮಸ್ ಟೆಲ್‌ಫೋರ್ಡ್ ಸ್ಕಾಟ್ಲೆಂಡಿನ ಕುರಿಗಾಹಿಯೊಬ್ಬನ ಮಗ. ಹುಡುಗನಾಗಿದ್ದಾಗಲೇ ಕಲ್ಲುಕುಟಿಗನ ಕೈಕೆಳಗೆ ಕೆಲಸ ಕಲಿಯಲು ಸೇರಿ, ಓದುತ್ತ ಕಟ್ಟುತ್ತ ಮೇಲೆ ಬಂದವನು. ತಮ್ಮ ದೇಶದಲ್ಲಿ ಇದನ್ನು ಸಾಧ್ಯವಾಗಿಸಿದವರು ನಮ್ಮ ದೇಶದ ಮೇಸ್ತ್ರಿಗೆ ಆ ದಾರಿಯನ್ನು ತೆರೆಯಲಿಲ್ಲ.

ನಮ್ಮವರಲ್ಲಿ ದುಡಿಯುತ್ತ ಓದಿದವರು ಇರಲಿಲ್ಲವೆಂದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡರು. ಮುಂದೆ ಮೈಸೂರು ಸರಕಾರದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೇಲುಗೈ ಸಾಧಿಸಿದರು. ಅವರ ಪರಿಶ್ರಮದ ಕಥೆಯನ್ನು ಪ್ರತಿ ಶಾಲೆಯಲ್ಲೂ ಹೇಳುತ್ತೇವೆ. ಆ ವಿದ್ಯಾರ್ಥಿವೇತನದ ಕಥೆಯನ್ನು ಮಾತ್ರ ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಪರಿಶ್ರಮ ಅವರನ್ನು ಸೆಂಟ್ರಲ್ ಕಾಲೇಜಿನ ತನಕ ತಂದಿತು. ಪುಣೆಗೆ ಕಳುಹಿಸಿದ್ದು ಸರಕಾರದ ಹಣ. ಪುಣೆಯಲ್ಲಿ ಅವರು ಮನೆಪಾಠ ಹುಡುಕಿಕೊಂಡು ಅಲೆಯಬೇಕಾಗಲಿಲ್ಲ. ಮುಂದೆ ಅವರು ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾಯಿತು. ಮೈಸೂರಿನ ಹುಡುಗರು ಆ ಓದಿಗಾಗಿ ಪುಣೆ, ಮದ್ರಾಸುಗಳಿಗೆ ಹೋಗಬೇಕಾದ ಕಷ್ಟ ತಪ್ಪಿತು.

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಕೆಲಸ ಬಿಡಲಾಗದವರಿಗೆ ಒಂದು ದಾರಿ ತೆರೆದದ್ದು ಇನ್ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಮೂಲಕ. 1920ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1928ರಿಂದ ಪರೀಕ್ಷೆ ನಡೆಸುತ್ತ ಬಂತು. ಎ.ಎಂ.ಐ.ಇ. ಎಂದರೆ ಹಳೆಯ ತಲೆಮಾರಿನ ಜೂನಿಯರ್ ಇಂಜಿನಿಯರುಗಳಿಗೆ ಥಟ್ಟನೆ ಅರ್ಥವಾಗುತ್ತದೆ. ಕಚೇರಿಯಿಂದ ಬಂದು ರಾತ್ರಿ ಓದಿ, ವರ್ಷಕ್ಕೆ ಒಂದೆರಡು ವಿಷಯ ಪಾಸು ಮಾಡುತ್ತ, ಹತ್ತು ವರ್ಷವಾದರೂ ಛಲ ಬಿಡದೆ ಪದವಿಗೆ ಸಮಾನವಾದ ಅರ್ಹತೆ ಪಡೆದವರು ಎಷ್ಟೋ ಮಂದಿ. ಆದರೆ 2013ರ ಮೇ 31ರ ನಂತರ ನೋಂದಾಯಿಸಿಕೊಂಡವರಿಗೆ ಕೇಂದ್ರ ಸರಕಾರದ ಆ ಮಾನ್ಯತೆ ಸಿಗಲಿಲ್ಲ. ದೂರಶಿಕ್ಷಣದ ಆಸೆ ತೋರಿಸಿದ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ಕೊಟ್ಟ ಇಂಜಿನಿಯರಿಂಗ್ ಪದವಿಗಳ ಮೇಲೆ 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಠಿಣ ತೀರ್ಪು ನೀಡಿತು. ಪ್ರಯೋಗಾಲಯವಿಲ್ಲದೆ ಇಂಜಿನಿಯರನನ್ನು ತಯಾರಿಸಲಾಗದು ಎಂಬ ಮಾತು ನ್ಯಾಯವೇ. ಸೇತುವೆ ಕುಸಿದರೆ ಸಾಯುವವರು ಜನ. ಆದರೆ ಅಕ್ರಮ ಮಾಡಿದ್ದು ಸಂಸ್ಥೆಗಳು, ಸಂಬಳದಲ್ಲಿ ಉಳಿಸಿ ಶುಲ್ಕ ಕಟ್ಟಿದ ನೌಕರರೂ ದಂಡ ತೆತ್ತರು.

ಇನ್ನೊಂದು ಕಡೆ, 1961ರ ಅಪ್ರೆಂಟಿಸ್ ಕಾಯ್ದೆಯನ್ನು 1973ರಲ್ಲಿ ತಿದ್ದುಪಡಿ ಮಾಡಿ ಪದವಿ, ಡಿಪ್ಲೊಮಾ ಪಡೆದವರನ್ನೂ ಅದರೊಳಗೆ ತರಲಾಯಿತು. 2020ರಲ್ಲಿ ಯುಜಿಸಿ ಪದವಿಯೊಳಗೇ ಅಪ್ರೆಂಟಿಸ್ ತರಬೇತಿ ಸೇರಿಸಲು ಮಾರ್ಗಸೂಚಿ ಹೊರಡಿಸಿತು. ಇವೆರಡೂ ಒಳ್ಳೆಯವೇ. ಆದರೆ ಇವು ವಿದ್ಯಾರ್ಥಿಯನ್ನು ಕೆಲಸಕ್ಕೆ ಕಳುಹಿಸುತ್ತವೆ, ಕೆಲಸಗಾರನನ್ನು ಕಾಲೇಜಿಗೆ ಕರೆಯುವುದಿಲ್ಲ. ಇಂಗ್ಲೆಂಡಿನಲ್ಲಿ 2015ರಲ್ಲಿ ಆರಂಭವಾದ ಪದವಿ ಅಪ್ರೆಂಟಿಸ್ ಯೋಜನೆಯ ತಿರುಳು ಬೇರೆ. ಅಲ್ಲಿ ಅಭ್ಯರ್ಥಿ ಮೊದಲ ದಿನದಿಂದ ಸಂಬಳ ಪಡೆಯುವ ಕೆಲಸಗಾರ. ಶುಲ್ಕ ಅವನ ಕೈಯಿಂದ ಹೋಗುವುದಿಲ್ಲ. ಓದಿನ ಸಮಯವನ್ನು ಕೆಲಸದ ವೇಳೆಯಲ್ಲೇ ಕೊಡಬೇಕು. ಅಂದರೆ ಓದುವವನ ನಿದ್ದೆಯಿಂದ ಗಂಟೆಗಳನ್ನು ಕದಿಯುವುದಿಲ್ಲ.

ನಮ್ಮಲ್ಲಿಯೂ ಕೆಲಸದಲ್ಲಿರುವ ಡಿಪ್ಲೊಮಾದಾರರಿಗಾಗಿ ಅನುಕೂಲದ ಸಮಯದಲ್ಲಿ ಇಂಜಿನಿಯರಿಂಗ್ ತರಗತಿ ನಡೆಸಲು ಎಐಸಿಟಿಇ 2023-24ರಿಂದ ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ. ಇದು ಸ್ವಾಗತಾರ್ಹ. ಆದರೆ ಸಂಜೆಯ ತರಗತಿ ನಗರದಲ್ಲಿ ವಾಸಿಸುವವರಿಗೆ ಸಂಜೆಯ ತರಗತಿ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿಲೋಮೀಟರ್, ಸೊರಬದಿಂದ ಇನ್ನೂ ಹೆಚ್ಚು. ಸೈಟಿನಿಂದ ಐದೂವರೆಗೆ ಬಿಟ್ಟ ಹುಡುಗ ಬಸ್ಸು ಹಿಡಿದು ತರಗತಿ ತಲುಪುವುದು ಯಾವಾಗ, ಮರಳಿ ಮನೆ ಸೇರುವುದು ಯಾವಾಗ? ಹುಡುಗಿಯಾದರಂತೂ ಮನೆಯವರು ಆ ರಾತ್ರಿಯ ಬಸ್ಸಿನ ಮಾತೆತ್ತಲೂ ಬಿಡುವುದಿಲ್ಲ. ವಾರಕ್ಕೊಂದು ಪೂರ್ತಿ ದಿನ ತರಗತಿಗೆಂದು ಬಿಡುಗಡೆ ಮಾಡುವ ಗುತ್ತಿಗೆದಾರರು, ಪರೀಕ್ಷೆಗೆ ಸಂಬಳ ಸಹಿತ ರಜೆ, ತಾಲೂಕು ಮಟ್ಟದಲ್ಲೇ ಪಾಠ ನಡೆಸಿ ಪ್ರಯೋಗಗಳಿಗೆ ಮಾತ್ರ ಜಿಲ್ಲಾ ಕೇಂದ್ರಕ್ಕೆ ಕರೆಯುವ ಕಾಲೇಜು: ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ.

ಊರಿನ ಜಮಾಅತ್, ಸಂಘ, ಮಠ, ಟ್ರಸ್ಟುಗಳೂ ಇಲ್ಲಿ ಏನಾದರೂ ಮಾಡಬಹುದು. ಪ್ರತಿಭಾ ಪುರಸ್ಕಾರಕ್ಕೆ ಹೆಚ್ಚು ಅಂಕ ತೆಗೆದ ಮಕ್ಕಳನ್ನು ಕರೆದು ಶಾಲು ಹೊದಿಸುತ್ತೇವೆ. ಹಗಲು ದುಡಿದು ಕಡಿಮೆ ಅಂಕದಲ್ಲಿ ಪಾಸಾದವನ ಒಂದು ಸೆಮಿಸ್ಟರಿನ ಶುಲ್ಕ ಕಟ್ಟಿದರೆ ಅದು ಶಾಲಿಗಿಂತ ಬೆಚ್ಚಗಿರುತ್ತದೆ.

ತಾಳಗುಂದದ ಕಂಬ ಸಾವಿರದ ಐನೂರು ವರ್ಷಗಳಿಂದ ನಿಂತಿದೆ. ಅದರ ಮೇಲಿನ ಅಕ್ಷರಗಳನ್ನು ಬಲ್ಲವನೂ ಅದರ ಕಲ್ಲನ್ನು ಮುಟ್ಟಿದವನೂ ಒಬ್ಬನೇ ಆಗಿದ್ದ. ಇದೇ ತಾಲೂಕುಗಳಲ್ಲಿ ಇಂದು ಸಿಮೆಂಟು ಮೆತ್ತಿದ ಕೈಯಲ್ಲಿ ಪುಸ್ತಕ ಹಿಡಿದವನು ಕುಬ್ಜನ ಸಾಲಿಗೆ ಸೇರಿದವನು. ಅವನಿಗೆ ನಮ್ಮ ಮೆಚ್ಚುಗೆಗಿಂತ ಹೆಚ್ಚಾಗಿ ಬೇಕಾಗಿರುವುದು ವಾರಕ್ಕೊಂದು ದಿನ.