ತೊಗರಿ ಹೊಲದ ಬೂಷ್ಟು, ಶುಗರಿನ ಸೂಜಿ

ಬೇಳೆಯಲ್ಲಿ ಪ್ರೋಟೀನ್ ಇದೆ ಅಂತ ಕಲಬುರಗಿಯವರಿಗೆ ಯಾರೂ ಪಾಠ ಮಾಡಬೇಕಿಲ್ಲ. ತೊಗರಿಯ ಕಣಜ ಅನ್ನಿಸಿಕೊಂಡ ಜಿಲ್ಲೆ ಇದು. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಜಿಐ ಟ್ಯಾಗ್ ಕೂಡ ಬಂತು. ಆ ಪ್ರೋಟೀನ್ ಹೊಟ್ಟೆಗೆ ಹೋದಮೇಲೆ ಏನಾಗುತ್ತೆ? ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಸರ ಚಿಕ್ಕದಿದ್ದರೆ ಪೆಪ್ಟೈಡ್ ಅಂತೀವಿ. ಜಠರ, ಕರುಳುಗಳ ಕಿಣ್ವಗಳು ಸರವನ್ನು ಕತ್ತರಿಸಿ ಮಣಿಗಳನ್ನು ಬಿಡಿಸುತ್ತವೆ. ಬೇಳೆ ಯಾವುದು, ಹಾರ್ಮೋನು ಯಾವುದು ಅಂತ ಅವು ಕೇಳೋದಿಲ್ಲ. 1922ರಲ್ಲಿ ಟೊರಾಂಟೋದಲ್ಲಿ ಮೊದಲ ಬಾರಿ ಮಧುಮೇಹಿಯೊಬ್ಬನಿಗೆ ಇನ್ಸುಲಿನ್ ಚುಚ್ಚಿದಾಗಲೂ ಸೂಜಿ ಬೇಕಾದದ್ದು ಇದಕ್ಕೇ.

ಸೂಜಿ ಹಾಕಿದರೂ ಕಷ್ಟ ತಪ್ಪೋದಿಲ್ಲ. ನಾವು ಉಂಡಾಗ ಕರುಳು ಜಿಎಲ್‌ಪಿ-1 ಅನ್ನೋ ಹಾರ್ಮೋನು ಬಿಡುತ್ತದೆ. ಸುಮಾರು 30 ಮಣಿಗಳ ಸರ. ಇನ್ಸುಲಿನ್ ಹೆಚ್ಚಿಸುತ್ತದೆ, ಹಸಿವು ತಗ್ಗಿಸುತ್ತದೆ. ಔಷಧಿಯಾಗಲು ಹೇಳಿ ಮಾಡಿಸಿದ ಹಾಗಿದೆ. ಆದರೆ ರಕ್ತದಲ್ಲಿ ಡಿಪಿಪಿ-4 ಎಂಬ ಕಿಣ್ವ ಕತ್ತರಿ ಹಿಡಿದು ಕಾದಿರುತ್ತದೆ. ಸರದ ಎರಡನೇ ಮಣಿ ಅಲನಿನ್. ಅದರ ಪಕ್ಕಕ್ಕೇ ಕತ್ತರಿ ಬೀಳುತ್ತದೆ. ಎರಡೇ ನಿಮಿಷದಲ್ಲಿ ಅರ್ಧ ಹಾರ್ಮೋನು ಹಾಳು.

ಇಂಥ ಸರವನ್ನು ಔಷಧಿ ಮಾಡಬೇಕಾದರೆ ಒಂದೋ ಸರವನ್ನೇ ಬಿಟ್ಟು ಅದರ ಅಣಕು ಮಾಡಬೇಕು, ಇಲ್ಲಾಂದ್ರೆ ಮಣಿ ಬದಲಿಸಬೇಕು. ಮೊದಲನೆಯದಕ್ಕೆ ಬಿಪಿ ಮಾತ್ರೆ ಸಾಕ್ಷಿ. ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷದಲ್ಲಿ ರಕ್ತದೊತ್ತಡ ಇಳಿಸುವ ಒಂಬತ್ತು ಮಣಿಗಳ ಪೆಪ್ಟೈಡ್ ಸಿಕ್ಕಿತು. ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಅದರ ಬಾಲದ ಪ್ರೋಲಿನ್ ಒಂದನ್ನೇ ಉಳಿಸಿಕೊಂಡು 1975ರಲ್ಲಿ ಕ್ಯಾಪ್ಟೊಪ್ರಿಲ್ ಕಟ್ಟಿದರು. ಇವತ್ತು ಕಲಬುರಗಿಯ ಯಾವ ಮೆಡಿಕಲ್ ಶಾಪಿಗೆ ಹೋದರೂ ಸಿಗುವ ಎನಲಾಪ್ರಿಲ್, ರಾಮಿಪ್ರಿಲ್‌ಗಳು ಅದೇ ವಂಶದವು.

ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ. ಅದು ನಮ್ಮ ಹೊಲದ ಮೂಲಕ ಹಾದುಹೋಗುತ್ತದೆ.

ತೊಗರಿಗೆ ನೆಟೆ ರೋಗ ಬಂದರೆ ನಿಂತ ಬೆಳೆ ನಿಂತಲ್ಲೇ ಒಣಗುತ್ತದೆ. ಅದಕ್ಕೇ ಬಿತ್ತೋ ಮುಂಚೆ ಬೀಜಕ್ಕೆ ಟ್ರೈಕೋಡರ್ಮಾ ಪುಡಿ ಹಚ್ಚಿರಿ ಅಂತ ಕೃಷಿ ಇಲಾಖೆಯವರು ಹೇಳೋದು. ಟ್ರೈಕೋಡರ್ಮಾ ಒಂದು ಬೂಷ್ಟು, ಬೇರೆ ಬೂಷ್ಟುಗಳನ್ನು ಕೊಲ್ಲುವ ಬೂಷ್ಟು. ಅದರ ಆಯುಧಗಳಲ್ಲಿ ಒಂದಷ್ಟು ಪೆಪ್ಟೈಡ್‌ಗಳೂ ಇವೆ. ಈ ಕುಲದ ಒಂದು ಬೂಷ್ಟಿನಿಂದ 1967ರಲ್ಲಿ ಬೇರ್ಪಡಿಸಿದ್ದು ಅಲಮೆಥಿಸಿನ್: ಜೀವಕೋಶದ ಪೊರೆಗೆ ತೂತು ಕೊರೆಯುವ ಚಿಕ್ಕ ಸರ. ಅದರಲ್ಲಿ ಒಂದು ವಿಚಿತ್ರ ಮಣಿ ಮತ್ತೆ ಮತ್ತೆ ಬರುತ್ತದೆ. ಹೆಸರು ಆಲ್ಫಾ ಅಮೈನೋ ಐಸೋಬ್ಯುಟಿರಿಕ್ ಆಮ್ಲ, ಚುಟುಕಾಗಿ ಐಬ್. ನಮ್ಮ ದೇಹದ ಪ್ರೋಟೀನ್‌ಗಳಲ್ಲಿ ಇದಿಲ್ಲ. 1969ರಲ್ಲಿ ಆಸ್ಟ್ರೇಲಿಯಾಕ್ಕೆ ಬಿದ್ದ ಮರ್ಚಿಸನ್ ಉಲ್ಕೆಯಲ್ಲಿ ಇತ್ತು. ಆಕಾಶದ ಕಲ್ಲಲ್ಲಿ ಇರೋದು ತೊಗರಿ ಬೀಜಕ್ಕೆ ಹಚ್ಚೋ ಪುಡಿಯ ಬಳಗದಲ್ಲೂ ಇದೆ!

ಐಬ್‌ಗೂ ಅಲನಿನ್‌ಗೂ ವ್ಯತ್ಯಾಸ ತೀರಾ ಸಣ್ಣದು. ಅಲನಿನ್‌ನ ನಡುವಿನ ಇಂಗಾಲಕ್ಕೆ ಒಂದು ಹೈಡ್ರೋಜನ್ ಅಂಟಿರುತ್ತದೆ; ಐಬ್‌ನಲ್ಲಿ ಆ ಜಾಗಕ್ಕೆ ಮಿಥೈಲ್ ಗುಂಪು ಬಂದು ಕೂತಿದೆ. ಮೂರು ಜನರ ಬಸ್ ಸೀಟಿನಲ್ಲಿ ‘ಸ್ವಲ್ಪ ಸರೀರಿ’ ಅಂತ ನಾಲ್ಕನೆಯವರು ಕೂತರೆ ಏನಾಗುತ್ತೆ? ಯಾರೂ ಅತ್ತಿತ್ತ ತಿರುಗೋ ಹಾಗಿಲ್ಲ. ಐಬ್ ಇದ್ದ ಸರಕ್ಕೂ ಅದೇ ಗತಿ: ಎಲ್ಲೆಂದರಲ್ಲಿ ಬಾಗಲಾರದೆ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ.

ಯಾವ ಮಣಿ ಎಷ್ಟು ತಿರುಗಬಹುದು ಅಂತ ಲೆಕ್ಕ ಹಾಕಿಕೊಟ್ಟವರು ಜಿ. ಎನ್. ರಾಮಚಂದ್ರನ್. ಮದ್ರಾಸಿನಲ್ಲಿ ರಾಮಕೃಷ್ಣನ್, ಶಶಿಶೇಖರನ್ ಜೊತೆ 1963ರಲ್ಲಿ ಪ್ರಕಟಿಸಿದ ಆ ನಕ್ಷೆ ಇವತ್ತಿಗೂ ಬಯೋಕೆಮಿಸ್ಟ್ರಿ ಪಠ್ಯಗಳಲ್ಲಿ ಅವರ ಹೆಸರಲ್ಲೇ ಇದೆ. 1971ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. 1973ರಲ್ಲಿ ಅಲ್ಲಿಗೆ ಸೇರಿದ ಯುವಕ ಪದ್ಮನಾಭನ್ ಬಾಲರಾಮ್. (ಆಗ ಕಲಬುರಗಿಗೆ ಸ್ವಂತ ವಿಶ್ವವಿದ್ಯಾಲಯವೇ ಇರಲಿಲ್ಲ, ಅದು ಬಂದದ್ದು 1980ರಲ್ಲಿ.)

ಬಾಲರಾಮ್ ಹಿಡಿದದ್ದು ಅಲಮೆಥಿಸಿನ್ನಿನ ಎಳೆ. ಸರವನ್ನು ತುಂಡು ತುಂಡಾಗಿ ಲ್ಯಾಬಿನಲ್ಲಿ ಕಟ್ಟೋದು, ಹರಳು ಮಾಡೋದು, ಅದು ಯಾವ ಆಕಾರದಲ್ಲಿ ಮಡಿಚಿಕೊಂಡಿದೆ ಅಂತ ನೋಡೋದು. ನಾಗರಾಜ್ ಮತ್ತು ಶಾಮಲಾ ಅವರ ಜೊತೆ 1979ರಲ್ಲಿ ಬರೆದ ಪ್ರಬಂಧ ಐಬ್ ಸರದ ತಿರುವುಗಳನ್ನು ತೋರಿಸಿತು. 1984ರಲ್ಲಿ ವೆಂಕಟರಾಮ್ ಪ್ರಸಾದ್ ಜೊತೆ ಇಡೀ ವಿಷಯದ ವಿಮರ್ಶಾ ಲೇಖನ. ಆಮೇಲೆ ವಾಷಿಂಗ್ಟನ್ನಿನ ನೌಕಾ ಪ್ರಯೋಗಾಲಯದ ಇಸಬೆಲ್ಲಾ ಕಾರ್ಲ್ ಜೊತೆ ವರ್ಷಗಟ್ಟಲೆ ಕೆಲಸ: ಪೆಪ್ಟೈಡ್ ಇಲ್ಲಿಂದ, ಎಕ್ಸ್-ರೇ ರಚನೆ ಅಲ್ಲಿಂದ. ಇದರಲ್ಲೆಲ್ಲ ಶುಗರಿನ ಮಾತೇ ಇಲ್ಲ. ಒಂದು ಮಣಿ ಬದಲಾದರೆ ಸರ ಹೇಗೆ ಮಡಿಚಿಕೊಳ್ಳುತ್ತೆ ಅನ್ನೋದಷ್ಟೇ ಪ್ರಶ್ನೆ.

2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೆಮಾಗ್ಲುಟೈಡ್ ನೋಡಿ. ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಕಂಪನಿಯದು; ಆಫೀಸಿನಲ್ಲಿ ತೂಕ ಇಳಿಸುವ ಸೂಜಿ ಅಂತ ಮಾತಾಡಿಕೊಳ್ಳೋದು ಇದನ್ನೇ. ಒಳಗಿರೋದು ಅದೇ ಜಿಎಲ್‌ಪಿ-1 ಸರ, ಎರಡನೇ ಮಣಿ ಮಾತ್ರ ಅಲನಿನ್ ಅಲ್ಲ, ಐಬ್. ಡಿಪಿಪಿ-4ರ ಕತ್ತರಿ ಅಲ್ಲಿ ಕೂರೋದಿಲ್ಲ. ಇದರ ಜೊತೆ ರಕ್ತದ ಆಲ್ಬುಮಿನ್‌ಗೆ ಅಂಟಿಕೊಳ್ಳೋ ಕೊಬ್ಬಿನ ಬಾಲವನ್ನೂ ಕಟ್ಟಿದ್ದಾರೆ. ಎರಡು ನಿಮಿಷ ಹೋಗಿ ಒಂದು ವಾರ ಆಯಿತು. ಟಿರ್ಜೆಪಟೈಡ್‌ನಲ್ಲಂತೂ ಎರಡು ಕಡೆ ಐಬ್ ಇದೆ.

‘ಹಾಗಾದರೆ ಇದು ಬೆಂಗಳೂರಿನ ಔಷಧಿ!’ ಅಂತ ವಾಟ್ಸಾಪ್‌ನಲ್ಲಿ ಹಾಕೋಕೆ ಹೊರಡಬೇಡಿ. ಐಬ್ ಸರವನ್ನು ಬಿಗಿಹಿಡಿಯುತ್ತೆ ಅಂತ ಅಮೆರಿಕದ ಗಾರ್ಲೆಂಡ್ ಮಾರ್ಷಲ್ 1972ರಲ್ಲೇ ಸೂಚಿಸಿದ್ದರು. ಸೆಮಾಗ್ಲುಟೈಡ್ ಕಟ್ಟಿದ್ದು ಡೆನ್ಮಾರ್ಕಿನ ಕೆಮಿಸ್ಟ್‌ಗಳು. ಬೆಂಗಳೂರು ಕೊಟ್ಟದ್ದು ಬೇರೆ: ಆ ಮಣಿಯ ಸ್ವಭಾವದ ಬಗ್ಗೆ ಜಗತ್ತಿಗೆ ಗೊತ್ತಿರೋದರಲ್ಲಿ ದೊಡ್ಡ ಪಾಲು, ಹರಳು ಹರಳಾಗಿ. ಪೇಟೆಂಟಿನಲ್ಲಿ ಅದಕ್ಕೆ ಕಾಲಂ ಇರೋದಿಲ್ಲ. ನನ್ನ ಲೆಕ್ಕದಲ್ಲಿ ಅದೇನೂ ಸಣ್ಣ ಕೊಡುಗೆಯಲ್ಲ. ಮುಂದೆ ಏನಕ್ಕೆ ಉಪಯೋಗ ಅಂತ ಗೊತ್ತಿಲ್ಲದ ಪ್ರಶ್ನೆಗೆ ಸರ್ಕಾರಿ ದುಡ್ಡಿನಲ್ಲಿ ದಶಕಗಟ್ಟಲೆ ಕೂರಲು ಬಿಟ್ಟಿದ್ದರು. ಇವತ್ತು ಅಂಥ ಪ್ರಾಜೆಕ್ಟ್ ಬರೆದರೆ ಮೊದಲು ಕೇಳೋದೇ ‘ಔಟ್‌ಕಮ್ ಏನು?’ ಅಂತ.

ಇನ್ನು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ ಊರು, ಕೆಂಪು ಬಾಳೆಗೆ ಹೆಸರಾದದ್ದು. ಶುಗರ್ ಇದ್ದವರು ಅರ್ಧ ಹಣ್ಣು ತಿನ್ನೋಕೂ ಮನೆಯವರ ಮುಖ ನೋಡಬೇಕು. ಅವರಲ್ಲಿ ಯಾರಿಗಾದರೂ ಡಾಕ್ಟರು ಈ ಪೆನ್ ಬರೆದುಕೊಟ್ಟರೆ? ಶುರು ಮಾಡೋವರೆಗೆ ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಶುರು ಮಾಡಿದ ಮೇಲೂ 30 ದಾಟಬಾರದು. ಮೇ ತಿಂಗಳಲ್ಲಿ ಈ ಕಡೆ ಬಿಸಿಲು 40 ದಾಟಿರುತ್ತೆ. ಕತ್ತರಿಯಿಂದ ಪಾರಾದ ಸರವನ್ನು ಐಸ್ ಪ್ಯಾಕಿನಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯಬೇಕು, ಮನೆಯಲ್ಲಿ ಕರೆಂಟು ಹೋಗದಂತೆ ನೋಡಿಕೊಳ್ಳಬೇಕು. ಭಾರತದಲ್ಲಿ ಮುಖ್ಯ ಪೇಟೆಂಟಿನ ಅವಧಿ 2026ರ ಮಾರ್ಚ್‌ವರೆಗೆ ಮಾತ್ರ ಅನ್ನೋದು ಬೆಲೆಯ ಮಟ್ಟಿಗೆ ಒಳ್ಳೆಯ ಸುದ್ದಿ. ಫ್ರಿಜ್ಜಿನ ಮಟ್ಟಿಗೆ ಅದರಿಂದ ಏನೂ ಆಗೋದಿಲ್ಲ.

2022ರಿಂದ ಇದರ ಮಾತ್ರೆಯೂ ಇಲ್ಲಿ ಸಿಗುತ್ತಿದೆ. ಹೊಟ್ಟೆಯ ಕಿಣ್ವಗಳನ್ನು ಸ್ವಲ್ಪ ಹೊತ್ತು ತಡೆಯುವ ಒಂದು ರಾಸಾಯನಿಕವನ್ನು ಅದರ ಜೊತೆ ಸೇರಿಸಿದ್ದಾರೆ. ಹಾಗಿದ್ದೂ ನುಂಗಿದ್ದರಲ್ಲಿ ರಕ್ತಕ್ಕೆ ಸೇರೋದು ನೂರಕ್ಕೆ ಒಂದು ಪಾಲಿನಷ್ಟು ಮಾತ್ರ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅರ್ಧ ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಚಹಾ ಕೂಡ ಕುಡಿಯದೆ ಕೂರಬೇಕು. ಉಳಿದ ತೊಂಬತ್ತೊಂಬತ್ತು ಪಾಲಿಗೆ ಬೇಳೆಯದೇ ಗತಿ.