ಸಾಕ್ಷಿಯಿಲ್ಲದ ಶಿಖರ ಲೆಕ್ಕಕ್ಕಿಲ್ಲ

ಇಂಗ್ಲೆಂಡಿನ ಕೆಸಿಕ್ ಊರಿನಲ್ಲಿ ಅತಿಥಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ 1932ರ ಜೂನ್‌ನಲ್ಲಿ ಪೇಟೆಯ ಮೂಟ್ ಹಾಲ್ ಕಟ್ಟಡದ ಮುಂದಿನಿಂದ ಹೊರಟ. ಲೇಕ್ ಡಿಸ್ಟ್ರಿಕ್ಟಿನ 42 ಬೆಟ್ಟಗಳ ನೆತ್ತಿ ಮುಟ್ಟಿ, 23 ಗಂಟೆ 39 ನಿಮಿಷಕ್ಕೆ ಅಲ್ಲಿಗೇ ಮರಳಿದ. ಕಾಲಿಗೆ ಟೆನಿಸ್ ಶೂ, ಮೈಮೇಲೆ ಚಡ್ಡಿ ಮತ್ತು ಪೈಜಾಮದ ಅಂಗಿ. ತಿನ್ನಲು ಬ್ರೆಡ್ಡು ಬೆಣ್ಣೆ, ಬೇಯಿಸಿದ ಮೊಟ್ಟೆ, ಹಣ್ಣು. ದೂರ ಸುಮಾರು 106 ಕಿಲೋಮೀಟರ್. ಹತ್ತಿದ ಏರುಗಳನ್ನೆಲ್ಲ ಕೂಡಿದರೆ 8,200 ಮೀಟರಿನಷ್ಟಾಗುತ್ತದೆ. ಗ್ರಹಾಂ ಜೊತೆ ಸರದಿಯ ಮೇಲೆ ಗೆಳೆಯರೂ ಓಡಿದ್ದರು. ಈ ಬೆಟ್ಟದ ಓಟದ ಚರಿತ್ರೆಯನ್ನು ನಾನು ನೋಡುವುದು ಆ ಗೆಳೆಯರು ನಿಂತ ಜಾಗದಿಂದ.

ನನ್ನೂರು ತೀರ್ಥಹಳ್ಳಿ. ಈಗ ಇರುವುದು ಲೇಕ್ ಡಿಸ್ಟ್ರಿಕ್ಟಿನ ಅಂಚಿನ ಕೆಂಡಲ್‌ನಲ್ಲಿ, ಔಷಧ ಅಂಗಡಿಯ ಕೆಲಸ. 2024ರ ವರ್ಷವನ್ನು ಪೂರ್ತಿ ಬೇರೆಯವರ ಓಟಗಳಿಗೆ ಕೊಟ್ಟೆ. ಒಂದು ಸ್ಪರ್ಧೆಗೂ ನನ್ನ ಹೆಸರು ಬರೆಸಲಿಲ್ಲ. ಇಲ್ಲಿಗೆ ಬಂದ ಮೇಲೆ ಇದಕ್ಕಿಂತ ಒಳ್ಳೆಯ ವರ್ಷವನ್ನು ನಾನು ಕಂಡಿಲ್ಲ.

ಬೆಟ್ಟದ ಓಟ ಗ್ರಹಾಂನಿಂದ ಶುರುವಾದದ್ದಲ್ಲ. ಗ್ರಾಸ್ಮಿಯರ್ ಹಳ್ಳಿಯ ವಾರ್ಷಿಕ ಕ್ರೀಡಾಕೂಟದಲ್ಲಿ 1868ರಿಂದಲೇ ಗೈಡ್‌ಗಳ ಓಟ ನಡೆಯುತ್ತಿತ್ತು. ಕುಸ್ತಿ, ಬೇಟೆನಾಯಿಗಳ ಓಟ, ಬಾಜಿ ಎಲ್ಲ ಇದ್ದ ಜಾತ್ರೆಯದು. ಕುರುಬರು, ಕಲ್ಲುಗಣಿಯವರು ನೆಟ್ಟಗೆ ಬೆಟ್ಟ ಹತ್ತಿ ಧುಮುಕುತ್ತಾ ಇಳಿಯುತ್ತಿದ್ದರು, ಗೆದ್ದವರಿಗೆ ನಗದು. ಹಾಗೆ ಹಣ ಮುಟ್ಟಿದವರನ್ನು ಅಮೆಚೂರ್ ಓಟಗಳಿಗೆ ದಶಕಗಟ್ಟಲೆ ಸೇರಿಸಲಿಲ್ಲ. ದುಡಿಯುವವರ ಆಟವನ್ನು ಹೀಗೆ ಎರಡು ಪಂಕ್ತಿ ಮಾಡಿದ್ದು ಅನ್ಯಾಯವೆಂದೇ ನನ್ನ ಎಣಿಕೆ.

ಗ್ರಹಾಂ ಹಾಕಿದ ಸುತ್ತನ್ನು 24 ಗಂಟೆಯೊಳಗೆ ಮತ್ತೊಬ್ಬರು ಮುಗಿಸಲು 28 ವರ್ಷ ಬೇಕಾಯಿತು. 1960ರಲ್ಲಿ ಅಲನ್ ಹೀಟನ್ 22 ಗಂಟೆ 18 ನಿಮಿಷದಲ್ಲಿ ಬಂದರು. 1971ರಲ್ಲಿ ಫ್ರೆಡ್ ರೋಜರ್ಸನ್ ಮುಂದಾಗಿ ಬಾಬ್ ಗ್ರಹಾಂ ಕ್ಲಬ್ ಕಟ್ಟಿದರು. 1977ರಲ್ಲಿ ಜೀನ್ ಡಾಸ್ ಈ ಸುತ್ತು ಮುಗಿಸಿದ ಮೊದಲ ಹೆಂಗಸಾದರು. ಈವರೆಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಕ್ಲಬ್ಬಿನ ಸದಸ್ಯರಾಗಿದ್ದಾರೆ. ನಿಯಮ ಸರಳ: ಪ್ರತಿ ನೆತ್ತಿಯ ಮೇಲೂ ಓಟಗಾರನ ಪಕ್ಕದಲ್ಲಿ ಒಬ್ಬರಾದರೂ ಇರಬೇಕು. ಸಾಕ್ಷಿ ಇಲ್ಲದಿದ್ದರೆ ಆ ಶಿಖರ ಲೆಕ್ಕಕ್ಕಿಲ್ಲ. ಇದೊಂದು ನಿಯಮದಿಂದಾಗಿ ಒಬ್ಬರ ಸುತ್ತಿಗೆ ಏಳೆಂಟು ಮಂದಿ ನಿದ್ದೆಗೆಡುತ್ತಾರೆ. ಮುಂದಿನ ಬೇಸಿಗೆಯಲ್ಲಿ ಆ ಋಣ ಇನ್ನೊಬ್ಬರ ಬೆಟ್ಟದಲ್ಲಿ ತೀರುತ್ತದೆ.

ನನ್ನ ಪಾಲಿಗೆ ಹೆಚ್ಚಾಗಿ ಬರುವುದು ಡನ್‌ಮೇಲ್ ಕಣಿವೆಯಿಂದ ವಾಸ್ಡೇಲ್‌ವರೆಗಿನ ಮೂರನೇ ಹಂತ. ಸಂಜೆ ಏಳಕ್ಕೆ ಕೆಸಿಕ್ ಬಿಟ್ಟವರು ಬೆಳಗಿನ ಜಾವ ಮೂರರ ಹೊತ್ತಿಗೆ ಡನ್‌ಮೇಲ್ ರಸ್ತೆಗೆ ಇಳಿಯುತ್ತಾರೆ. 2024ರ ಜೂನ್‌ನಲ್ಲಿ ನಾನು ಕಾದಿದ್ದ ಓಟಗಾರ ಇಳಿದಾಗ ಅವನ ತುಟಿ ಬೆಳ್ಳಗಾಗಿತ್ತು. ಸಿಹಿ ಕಂಡರೆ ವಾಕರಿಕೆ ಅಂದ. ರಾತ್ರಿ ಪುಳಿಯೋಗರೆ ಕಲಸಿ ಉಂಡೆ ಕಟ್ಟಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ತಂದಿದ್ದೆ. ಹುಳಿ, ಉಪ್ಪು, ಕಡಲೆಬೀಜ. ಒಂದು ಉಂಡೆಯನ್ನು ಸ್ಟೀಲ್ ಫೆಲ್ ಏರಿನಲ್ಲೇ ತಿಂದ, ಇನ್ನೊಂದು ತಾನಾಗಿಯೇ ಕೇಳಿದ. ಬೋಫೆಲ್ ನೆತ್ತಿಯ ಬಂಡೆರಾಶಿಯಲ್ಲಿ ಮಂಜು ಎಷ್ಟಿತ್ತೆಂದರೆ ಮುಂದೆ ಹೋದವನ ಬೆನ್ನು ಆರು ಹೆಜ್ಜೆಗೇ ಮಾಯ. ಕೊರಳಿಗೆ ದಾರದಲ್ಲಿ ಕಟ್ಟಿಕೊಂಡ ಪೆನ್ಸಿಲ್ ತೆಗೆದು, ನೀರು ಹಿಡಿಯದ ಹಾಳೆಯ ಪುಟ್ಟ ಪುಸ್ತಕದಲ್ಲಿ ಬೆಟ್ಟದ ಹೆಸರು, ಗಂಟೆ, ನಿಮಿಷ ಬರೆದೆ. ಬೆರಳು ಮರಗಟ್ಟಿ ಅಕ್ಷರ ಸೊಟ್ಟಗಾಯಿತು. ಆ ಸಂಜೆ ಅವನು ಹೊತ್ತಿಗೆ ಮುಂಚೆಯೇ ಮೂಟ್ ಹಾಲ್ ಮುಟ್ಟಿದ.

ಅದೇ ಜೂನ್ ತಿಂಗಳ ಕೊನೆಯಲ್ಲಿ ಜಾಸ್ ನೇಲರ್ ತೀರಿಕೊಂಡರು. 88 ವರ್ಷವಾಗಿತ್ತು. ವಾಸ್ಡೇಲ್ ಕಣಿವೆಯಲ್ಲಿ ಕುರಿ ಸಾಕಿ ಬದುಕಿದವರು. ಚಿಕ್ಕಂದಿನಿಂದ ಬೆನ್ನಿನ ತೊಂದರೆ, ಶಸ್ತ್ರಚಿಕಿತ್ಸೆಯೂ ಆಗಿತ್ತು. ಅಂಥವರು 1975ರಲ್ಲಿ 24 ಗಂಟೆಯೊಳಗೆ 72 ಶಿಖರ ಹತ್ತಿದರು. 50ನೇ ವಯಸ್ಸಿನಲ್ಲಿ, 1986ರಲ್ಲಿ, ಲೇಖಕ ವೈನ್‌ರೈಟ್ ತಮ್ಮ ಪುಸ್ತಕಗಳಲ್ಲಿ ವರ್ಣಿಸಿದ 214 ಬೆಟ್ಟಗಳನ್ನೂ ಏಳು ದಿನ ಒಂದೂವರೆ ಗಂಟೆಯೊಳಗೆ ಮುಗಿಸಿದರು. 60ಕ್ಕೆ 60 ಬೆಟ್ಟ, 70ಕ್ಕೆ 70 ಬೆಟ್ಟ. ಆ ಎಪ್ಪತ್ತರ ಓಟ ಇಪ್ಪತ್ತೊಂದು ಗಂಟೆಯೊಳಗೇ ಮುಗಿದಿತ್ತು. ಐವತ್ತು ದಾಟಿದವರಿಗೆಂದೇ ಅವರ ಹೆಸರಿನಲ್ಲಿ ಒಂದು ಸವಾಲಿದೆ: ಪೂಲಿ ಬ್ರಿಡ್ಜ್‌ನಿಂದ ಗ್ರೀನ್‌ಡೇಲ್ ಸೇತುವೆವರೆಗೆ 30 ಶಿಖರ, ಸುಮಾರು 77 ಕಿಲೋಮೀಟರ್. ಓಡಿ ಬಂದವರ ಕೈಕುಲುಕಲು ಆ ಸೇತುವೆಯ ಬಳಿ ಎಷ್ಟೋ ಸಲ ಅವರೇ ನಿಂತಿರುತ್ತಿದ್ದರು.

ಹಳಬರು ಹೊಸಬರನ್ನು ಹೀಗೆ ಎದುರುಗೊಳ್ಳುವುದು ಇಲ್ಲಿನ ವಾಡಿಕೆ. ಬೊರೊಡೇಲ್ ಕಣಿವೆಯ ಕಲ್ಲುಕೆಲಸದ ಬಿಲ್ಲಿ ಬ್ಲಾಂಡ್ 1982ರಲ್ಲಿ ಗ್ರಹಾಂ ಸುತ್ತನ್ನು 13 ಗಂಟೆ 53 ನಿಮಿಷಕ್ಕೆ ಇಳಿಸಿದ್ದರು. 2018ರಲ್ಲಿ ಸ್ಪೇನಿನ ಕಿಲಿಯನ್ ಜೋರ್ನೆಟ್ ಅದನ್ನು ಒಂದು ಗಂಟೆಯಷ್ಟು ತಗ್ಗಿಸಿ ಮೂಟ್ ಹಾಲ್ ಮೆಟ್ಟಿಲು ಮುಟ್ಟಿದಾಗ, ಬ್ಲಾಂಡ್ ಅಲ್ಲೇ ಕಾದು ನಿಂತಿದ್ದರು.

ಬೆಟ್ಟಗಳು ಮುಚ್ಚಿದ ಕಾಲವೂ ಉಂಟು. 2001ರಲ್ಲಿ ಕಾಲುಬಾಯಿ ರೋಗ ಕಂಬ್ರಿಯಾವನ್ನು ಹಿಂಡಿತು. ಕುರಿಮಂದೆಗಳನ್ನು ಕೊಂದು ಸುಟ್ಟರು, ಬೆಟ್ಟದ ದಾರಿಗಳಿಗೆ ಬೀಗ ಬಿತ್ತು, ಓಟಗಳು ರದ್ದಾದವು. ಓಡುವವರಲ್ಲಿ ಎಷ್ಟೋ ಜನ ಕುರಿ ಸಾಕಣೆಯ ಮನೆಯವರು. ಈಗಲೂ ಬೇಲಿಯ ಗೇಟು ತೆರೆದಿಟ್ಟು ಹೋಗುವ ಓಟಗಾರನನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮುಂದಿನ ವರ್ಷ ನನಗೆ ಐವತ್ತು ತುಂಬುತ್ತದೆ, ಜಾಸ್ ಸವಾಲಿಗೆ ಹೊರಡುವ ವಯಸ್ಸು. ಐವತ್ತರಿಂದ ಐವತ್ನಾಲ್ಕರವರಿಗೆ ಇಟ್ಟಿರುವ ಗಡುವು ಹನ್ನೆರಡೇ ಗಂಟೆ. ನನ್ನ ಕಾಲಿಗೆ ಅದು ಬಿಗಿ. ಹತ್ತುವುದರಲ್ಲಿ ಅಳುಕಿಲ್ಲ, ಇಳಿಜಾರಿನ ಸಡಿಲ ಕಲ್ಲಿನಲ್ಲಿ ಹೊತ್ತು ಹೋಗುತ್ತದೆ. ಹಾಗಾಗಿ ಈ ಚಳಿಗಾಲ ಪೂರ್ತಿ ಅಂಗಡಿ ಮುಚ್ಚಿದ ಮೇಲೆ ತಲೆದೀಪ ಕಟ್ಟಿಕೊಂಡು ಇಳಿಯುವ ಅಭ್ಯಾಸ. ಜಾಸ್ ಸವಾಲು ಮುಗಿದರೆ ಅದರ ಮುಂದಿನ ಜೂನ್‌ಗೆ ಗ್ರಹಾಂ ಸುತ್ತು. ಸ್ಕಾಟ್ಲೆಂಡಿನ ರಾಮ್ಸೆ, ವೇಲ್ಸಿನ ಪ್ಯಾಡಿ ಬಕ್ಲಿ ಎಂಬ ಇಂಥವೇ ಸುತ್ತುಗಳ ಯೋಚನೆ ಆಮೇಲೆ.

ಮೇ ತಿಂಗಳ ಕೊನೆಯ ಶನಿವಾರ ನಸುಕಿಗೆ ಪೂಲಿ ಬ್ರಿಡ್ಜ್ ಬಿಡುವುದೆಂದು ಗುರುತು ಹಾಕಿದ್ದೇನೆ. ರೋಮನ್ನರ ಹಳೆಯ ದಾರಿ ಹಿಡಿದು ಹೈ ಸ್ಟ್ರೀಟ್ ಹತ್ತಿ ಕರ್ಕ್‌ಸ್ಟೋನ್ ಕಣಿವೆವರೆಗೆ ಬರಲು ಇಬ್ಬರು ಒಪ್ಪಿದ್ದಾರೆ. ಅಲ್ಲಿಂದ ಡನ್‌ಮೇಲ್‌ಗೆ ಒಬ್ಬಳು, ಸ್ಟೈ ಹೆಡ್‌ನಿಂದ ಗ್ರೀನ್‌ಡೇಲ್‌ಗೆ ಮೂವರು. ಡನ್‌ಮೇಲ್‌ನಿಂದ ಸ್ಟೈ ಹೆಡ್‌ವರೆಗೆ ಇನ್ನೂ ಯಾರೂ ಸಿಕ್ಕಿಲ್ಲ, ಜನವರಿಯೊಳಗೆ ಕೇಳಿಕೊಂಡು ಗೊತ್ತುಮಾಡಬೇಕು.